ಅನ್ಯಜನರ ಪಾಠ

ರಕ್ತ ಹೆಪ್ಪುಗಟ್ಟಬಾರದೆಂದರೆ ಕೈಯಿಂದಲೇ ಕಲಕಬೇಕು. ಅದು ಮರದ ಸೌಟಿನಿಂದ ಆಗುವ ಕೆಲಸವಲ್ಲ. ಎವಾಂಡರ್ ಮಕ್ರಿಚಿ ತೋಳನ್ನು ಮೊಣಕೈ ಮೇಲಕ್ಕೆ ಮಡಿಚಿ, ಕುರಿಯ ರಕ್ತದ ಬೋಗುಣಿಯಲ್ಲಿ ಬೆರಳಾಡಿಸುತ್ತ, ಎಳೆಗಳು ಸಿಕ್ಕಾಗಲೆಲ್ಲ ಎತ್ತಿ ಹೊರಗೆಸೆಯುತ್ತ, ಇವತ್ತು ಕೇಳಿಯೇಬಿಡುತ್ತೇನೆ ಎಂದುಕೊಂಡ. ಹಾಗೆ ಅಂದುಕೊಂಡದ್ದು ಇದೇ ಮೊದಲಲ್ಲ ಎಂಬುದೂ ಅದರ ಬೆನ್ನಿಗೇ ನೆನಪಾಯಿತು. ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಊರಿನ ಕ್ರೈಸ್ತ ಸಭೆಯಲ್ಲಿ ಕರ್ತನ ಮೇಜು ಹಾಸುತ್ತಾರೆ. ಅದರ ಹಿಂದಿನ ದಿನ, ಶನಿವಾರ ಮಧ್ಯಾಹ್ನದ ಆರಾಧನೆ ಮುಗಿದ ಮೇಲೆ, ಸಭೆಯ ಹಿರಿಯರು ಹಿಂದಿನ ಕೋಣೆಯಲ್ಲಿ ಕೂತಿರುತ್ತಾರೆ. ಮೊದಲ ಸಲ ಮೇಜಿಗೆ ಬರಬೇಕೆನ್ನುವವರು ಒಳಗೆ ಹೋಗಿ ತಮ್ಮ ಮನಸ್ಸನ್ನು ಹೇಳಿಕೊಳ್ಳಬೇಕು. ಹಿರಿಯರಿಗೆ ಒಪ್ಪಿಗೆಯಾದರೆ ಸೀಸದ ಒಂದು ಬಿಲ್ಲೆ ಕೊಡುತ್ತಾರೆ. ಬಿಲ್ಲೆಯಿದ್ದವರು ಮರುದಿನ ರೊಟ್ಟಿಗೂ ದ್ರಾಕ್ಷಾರಸಕ್ಕೂ ಕೂರಬಹುದು. ಇವತ್ತು ವಸಂತದ ಆ ಶನಿವಾರ. ಐವತ್ತೇಳರ ಎವಾಂಡರ್ ಆ ಕೋಣೆಯ ಬಾಗಿಲನ್ನು ಹೊರಗಿನಿಂದ ಮಾತ್ರ ಬಲ್ಲ. ಅದರ ಹಸಿರು ಬಣ್ಣ, ಕಡಲಗಾಳಿಗೆ ಉಬ್ಬಿ ಸರಿಯಾಗಿ ಮುಚ್ಚದ ಅದರ ಹಲಗೆ, ಹಿಡಿಯ ಸುತ್ತ ಬೇರೆಯವರ ಕೈ ತಾಗಿ ಸವೆದ ಜಾಗ, ಎಲ್ಲ ಗೊತ್ತು.

"ಇನ್ನೂ ಎಷ್ಟು ಹೊತ್ತು ಕಲಕ್ತೀಯೋ? ಪಾಠದ ಮಕ್ಕಳು ಬಂದು ಕೂತಿರ್ತಾವೆ," ಎಂದು ಅಂಗಡಿಯ ಮುಂಭಾಗದಿಂದ ಅಕ್ಕ ಡಾಲಿನಾ ಕೂಗಿದಳು. ನಾಳೆ ಭಾನುವಾರ, ದುಡಿಮೆ ನಿಷಿದ್ಧವಾದ ದಿನ, ಯಾವ ಮನೆಯಲ್ಲೂ ಒಲೆಯ ಮೇಲೆ ಹೊಸದಾಗಿ ಏನನ್ನೂ ಇಡುವುದಿಲ್ಲ. ಹಾಗಾಗಿ ಶನಿವಾರ ಬೆಳಿಗ್ಗೆ ಅರ್ಧ ಊರೇ ಮಾಂಸದಂಗಡಿಯ ಮುಂದೆ ಇರುತ್ತದೆ. "ಇವತ್ತು ಯಾವ ಪಾಠ?"

"ಅನ್ಯಜನರು ಸಭೆಗೆ ಬಂದದ್ದು."

"ಒಳ್ಳೇದೇ ಆಯ್ತು. ಈಗ ಊರ ತುಂಬ ಹೊರಗಿಂದ ಬಂದವರೇ," ಎಂದಳು ಡಾಲಿನಾ. ಹೊರಗೆ ಯಾರೋ ನಕ್ಕರು.

ಅವನು ರಕ್ತಕ್ಕೆ ಓಟ್ ಹಿಟ್ಟನ್ನೂ ಕೊಬ್ಬನ್ನೂ ಈರುಳ್ಳಿಯನ್ನೂ ಸುರಿದು ಕೈ ತೊಳೆದುಕೊಂಡ. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಅದು ಎಂದೂ ಹೋಗುವುದಿಲ್ಲ. ಲೂಯಿಸ್ ದ್ವೀಪದ ಉತ್ತರ ತುದಿಯ ಈ ಊರಿನಲ್ಲಿ ಅವನ ಮರಗ್‌ಗೆ, ಎಂದರೆ ಕರುಳಿನಲ್ಲಿ ತುಂಬಿ ಬೇಯಿಸಿದ ಈ ರಕ್ತದ ಕಡುಬಿಗೆ, ಒಳ್ಳೆಯ ಹೆಸರಿದೆ. ಅವನಿಗೂ ಒಳ್ಳೆಯ ಹೆಸರಿದೆ. ಎಷ್ಟು ವಿನಯದ ಮನುಷ್ಯ, ಇಷ್ಟೆಲ್ಲ ವಚನ ತಿಳಿದೂ ಮೇಜಿಗೆ ಹೋಗದೆ ಹಿಂದೆಯೇ ಕೂತಿದ್ದಾನೆ ನೋಡಿ, ಎನ್ನುತ್ತಾರೆ. ಈ ಊರಿನಲ್ಲಿ ಹೊರಗಿರುವುದಕ್ಕೂ ಒಂದು ಮರ್ಯಾದೆಯುಂಟು. ಯೋಗ್ಯತೆಯಿಲ್ಲದೆ ಆ ರೊಟ್ಟಿ ತಿಂದವನು ತನ್ನ ಮೇಲಿನ ತೀರ್ಪನ್ನೇ ತಿಂದಂತೆ ಎಂದು ಹೆದರಿ, ಹೆಚ್ಚಿನವರು ಜೀವಮಾನವಿಡೀ ಹಿಂದಿನ ಬೆಂಚುಗಳಲ್ಲೇ ಕೂತು, ಕೊನೆಗೆ ಸ್ಮಶಾನದ ಮರಳಿಗೆ ಹೋಗುತ್ತಾರೆ. ಅವನ ಅಪ್ಪ ಹಾಗೆಯೇ ಹೋದ. ಅಮ್ಮ ಮಾತ್ರ ಎದ್ದು ಹೋಗುತ್ತಿದ್ದಳು. ಕೀರ್ತನೆ ಶುರುವಾದೊಡನೆ ಅವಳು ಪಕ್ಕದಿಂದ ಏಳುವುದು, ಕರಿಯ ಕೋಟಿನ ಅಂಚು ತನ್ನ ಮೊಣಕಾಲಿಗೆ ಸವರಿ ಹೋಗುವುದು, ಬಿಳಿಯ ಬಟ್ಟೆ ಹಾಸಿದ ಮುಂದಿನ ಸಾಲಿನಲ್ಲಿ ಅವಳ ಬೆನ್ನು ಬೇರೆ ಬೆನ್ನುಗಳ ನಡುವೆ ಸೇರಿ ಗುರುತು ಸಿಗದಂತಾಗುವುದು. ಆಗ ಅವನು ಬೆಂಚಿನ ಮೇಲೆ ಅವಳು ಕೂತಿದ್ದ ಜಾಗಕ್ಕೆ ಅಂಗೈಯಿಡುತ್ತಿದ್ದ. ಬೆಚ್ಚಗಿರುತ್ತಿತ್ತು. ಅವಳು ವಾಪಸು ಬರುವ ಹೊತ್ತಿಗೆ ತಣ್ಣಗಾಗಿರುತ್ತಿತ್ತು. ಬಂದವಳ ಬಾಯಿಂದ ಒಂದು ಬೇರೆ ವಾಸನೆ ಬರುತ್ತಿತ್ತು. ಏನು ಕೊಟ್ಟರಮ್ಮಾ ಎಂದು ಕೇಳಿದರೆ, ಸುಮ್ಮನಿರು ಎಂದು ಅವನ ಕೈಯನ್ನು ಹಿಡಿದುಕೊಳ್ಳುತ್ತಿದ್ದಳು. ಈಗ ಡಾಲಿನಾ ಏಳುತ್ತಾಳೆ. ಏಳುವಾಗ ತನ್ನ ಕೈಚೀಲವನ್ನೂ ಗವಸುಗಳನ್ನೂ ಅವನ ತೊಡೆಯ ಮೇಲೆ ಇಟ್ಟು ಹೋಗುತ್ತಾಳೆ. ನರೆತ ತಲೆಯ ಗಂಡಸು ಹೆಂಗಸಿನ ಚೀಲ ಕಾಯುತ್ತ ಕೂತಿರುವುದನ್ನು ಕಂಡು ಯಾರೂ ನಕ್ಕಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಅದು ವಿನಯವಲ್ಲವೆಂದು ಅವನೊಬ್ಬನಿಗೆ ಗೊತ್ತು. ಒಳಗೆ ಹೋದವನನ್ನು ಹಿರಿಯರು ಕೇಳುವುದು ಒಂದೇ ಪ್ರಶ್ನೆ: ನಿನಗೇನಾಯಿತು, ದೇವರ ಕರೆ ಹೇಗೆ ಬಂತು? ಒಬ್ಬನಿಗೆ ದೋಣಿ ಮಗುಚುವಾಗ ಬಂದಿತ್ತು. ಇನ್ನೊಬ್ಬಳಿಗೆ ಮಗು ತೀರಿಕೊಂಡ ವಾರ ಬಂದಿತ್ತು. ದೀಪಸ್ತಂಭದ ರೋರಿ ಎಂಬ ಹಿರಿಯನಿಗೆ ಕುಡಿತ ಬಿಟ್ಟ ಚಳಿಗಾಲದಲ್ಲಿ ಒಂದು ವಚನ ಕಿವಿಯಲ್ಲಿ ಯಾರೋ ಹೇಳಿದ ಹಾಗೆ ಕೇಳಿಸಿತ್ತು. ಎವಾಂಡರನಿಗೆ ಏನೂ ಆಗಲಿಲ್ಲ. ಅವನು ಕುಡಿಯಲಿಲ್ಲ, ಮುಳುಗಲಿಲ್ಲ, ಯಾರನ್ನೂ ಮದುವೆಯಾಗಲಿಲ್ಲ, ತೂಕದಲ್ಲಿ ಮೋಸ ಮಾಡಲಿಲ್ಲ. ತನ್ನ ಬದುಕನ್ನು ಯಾವ ಕಡೆಯಿಂದ ಭಾಗಿಸಿದರೂ ಉಳಿಯುವ ಶೇಷ ಒಂದೇ, ಬಯಕೆ. ಮೇಜು ಬೇಕು ಎಂಬುದು. ಬರೀ ಬೇಕು ಎನ್ನುವುದನ್ನು ಹಿಡಿದುಕೊಂಡು ಹಿರಿಯರ ಮುಂದೆ ಹೇಗೆ ನಿಲ್ಲುವುದು? ಬೇಕು ಎಂದು ಬಾಗಿಲಲ್ಲಿ ನಾಯಿಯೂ ನಿಲ್ಲುತ್ತದೆ.

ಮೇಜಿನ ವಾರದಲ್ಲಿ ಮಕ್ಕಳ ಪಾಠ ಶನಿವಾರ ಬೆಳಿಗ್ಗೆ ನಡೆಯುತ್ತದೆ. ಸಭೆಯ ಪಕ್ಕದ ಕಲ್ಲಿನ ಕೊಠಡಿಯಲ್ಲಿ ಹೀಟರಿನ ಸುತ್ತ ಐದಾರು ಮಕ್ಕಳು ಒದ್ದೆ ಬೂಟುಗಳನ್ನು ಚಾಚಿಕೊಂಡು ಕೂತಿದ್ದರು. ಪಾಠ ಹೇಳುವವರು ಬೇರೆ ಯಾರೂ ಸಿಗಲಿಲ್ಲವೆಂದು ಈ ಕೆಲಸ ಅವನಿಗೆ ಬಂದದ್ದು. ಬಂದ ಮೇಲೆ ವಾರದಲ್ಲಿ ಅವನು ಎದುರುನೋಡುವ ಗಂಟೆಯೂ ಇದೇ ಆಯಿತು. ಯೊಪ್ಪ ಪಟ್ಟಣದಲ್ಲಿ, ಚರ್ಮ ಹದಮಾಡುವವನೊಬ್ಬನ ಮನೆಯ ಮಾಳಿಗೆಯ ಮೇಲೆ, ಹಸಿದು ಕೂತಿದ್ದ ಅಪೋಸ್ತಲ ಪೇತ್ರನಿಗೆ, ಎಂದರೆ ಕರ್ತನ ಯೆಹೂದ್ಯ ಶಿಷ್ಯನಿಗೆ, ಒಂದು ದರ್ಶನವಾದದ್ದನ್ನು ಅವನು ಹೇಳಿದ. ಆಕಾಶದಿಂದ ನಾಲ್ಕು ಮೂಲೆ ಕಟ್ಟಿದ ದೊಡ್ಡ ಬಟ್ಟೆ ಇಳಿಯಿತು. ಅದರ ತುಂಬ ಯೆಹೂದ್ಯರು ತಿನ್ನಬಾರದ ಪ್ರಾಣಿಗಳು, ಹುಳುಗಳು, ಹಕ್ಕಿಗಳು. ಕೊಯ್ದು ತಿನ್ನು ಎಂದಿತು ದನಿ. ಇಲ್ಲ, ನಾನು ಅಶುದ್ಧವಾದದ್ದನ್ನು ಎಂದೂ ತಿಂದವನಲ್ಲ ಎಂದ ಪೇತ್ರ.

"ಗೂಗಾ ಇತ್ತಾ ಮಾಮಾ ಅದ್ರಲ್ಲಿ?" ಎಂದ ಕಾಲಮ್. ಶರತ್ಕಾಲದಲ್ಲಿ ಗಂಡಸರು ನಡುಗಡಲಿನ ಬಂಡೆಗೆ ಹೋಗಿ ಹಿಡಿದು ಉಪ್ಪುಹಾಕಿ ತರುವ ಕಡಲಹಕ್ಕಿಯ ಮರಿಗಳೆಂದರೆ ಆ ಹುಡುಗನಿಗೆ ಪ್ರಾಣ.

"ಇದ್ದಿರಬೇಕು. ಕಡಲಹಕ್ಕಿ ಅವರಿಗೆ ನಿಷೇಧ."

"ಅಯ್ಯೋ ಪಾಪ."

"ನಂಗಂತೂ ಅದರ ವಾಸನೇನೇ ಆಗಲ್ಲ," ಎಂದಳು ಇಷ್ಬೆಲ್. "ನಾನಾಗಿದ್ರೆ ಯೆಹೂದ್ಯಳಾಗೇ ಇರ್ತಿದ್ದೆ."

"ಆಗೋಕಾಗಲ್ಲ ಕಣೇ. ನೀನು ಅನ್ಯಜನ," ಎಂದ ಎವಾಂಡರ್.

ಇಷ್ಬೆಲ್‌ಳ ಮುಖ ಕೆಂಪಾಯಿತು. "ನಾನ್ಯಾಕೆ? ನಮ್ಮಜ್ಜಿಯ ಅಜ್ಜಿನೂ ಇಲ್ಲಿಯವಳೇ. ಅನ್ಯಜನ ಅಂದ್ರೆ ಮಾರಾ. ಅವಳು ತಾನೆ ಲಾಟ್ವಿಯಾದಿಂದ ಬಂದೋಳು."

ಹೀಟರಿಗೆ ಅತಿ ಸಮೀಪದಲ್ಲಿ ಕೂತಿದ್ದ ಮಾರಾ ತಲೆಯೆತ್ತಲಿಲ್ಲ. ಅವಳ ತಾಯಿ ಇಲ್ಜೆ ಬಂದರಿನ ಬಳಿ ಮೀನು ಹೊಗೆಹಾಕುವ ಕೆಲಸದವಳು. ಗಂಡನಿಲ್ಲದೆ, ಈ ಒಂದು ಮಗುವಿನೊಂದಿಗೆ ಊರಿಗೆ ಬಂದು ಕೆಲವು ವರ್ಷಗಳಾದವು. ಮಗುವಿನ ಸ್ವೆಟರಿನಲ್ಲಿ ಯಾವಾಗಲೂ ಆ ಹೊಗೆಯ ವಾಸನೆ. ಎವಾಂಡರನಿಗೆ ಹುಡುಗಿಯ ತಗ್ಗಿದ ತಲೆಯನ್ನು ಕಂಡು, ತಾನು ಬಾಲ್ಯದಲ್ಲಿ ಶಾಲೆಗೆ ಹೋಗುವಾಗ ಎಷ್ಟು ತೊಳೆದರೂ ಹೋಗದ ಕುರಿಕೊಬ್ಬಿನ ನಾತ ನೆನಪಿಗೆ ಬಂತು. ಪಕ್ಕದವನು ಬೆಂಚಿನಲ್ಲಿ ಸರಿದು ಕೂರುತ್ತಿದ್ದ ರೀತಿಯೂ. "ಅವಳೂ ನೀನೂ ನಾನೂ ಒಂದೇ ಲೆಕ್ಕ," ಎಂದ ಗಟ್ಟಿಯಾಗಿ. "ಯೆಹೂದ್ಯರ ದೃಷ್ಟಿಯಲ್ಲಿ ನಾವೆಲ್ಲ ಅನ್ಯಜನರೇ, ಹೊರಗಿನವರೇ. ಇಷ್ಬೆಲ್‌ಳ ಅಜ್ಜಿಯ ಅಜ್ಜಿಯೂ ಹೊರಗಿನವಳೇ."

ಆಮೇಲೆ ರೋಮಿನ ದಳಪತಿ ಕೊರ್ನೇಲ್ಯನ ಆಳುಗಳು ಬಂದು ಬಾಗಿಲಲ್ಲಿ ನಿಂತದ್ದು, ಯಾವ ಯೆಹೂದ್ಯನೂ ಕಾಲಿಡದ ಮನೆಯೊಳಕ್ಕೆ ಪೇತ್ರ ಕಾಲಿಟ್ಟದ್ದು, ಪೇತ್ರ ಇನ್ನೂ ಮಾತಾಡುತ್ತಿರುವಾಗಲೇ, ಮಾತು ಮುಗಿಯುವುದನ್ನೂ ಕಾಯದೆ, ಪವಿತ್ರಾತ್ಮ ಆ ಹೊರಗಿನವರ ಮೇಲೆ ಇಳಿದದ್ದು. ಮಾತು ಮುಗಿಯುವುದನ್ನೂ ಕಾಯದೆ ಎನ್ನುವಲ್ಲಿ ಅವನ ದನಿ ಸ್ವಲ್ಪ ತಡೆಯಿತು. ಈ ಸಂಗತಿಯನ್ನು ಎಷ್ಟೋ ಸಲ ಹೇಳಿದ್ದ, ಆದರೆ ಪ್ರತಿ ಸಲವೂ ತನ್ನನ್ನು ಆ ಹೊರಗಿನವರ ಜೊತೆಗಲ್ಲ, ಪೇತ್ರನ ಜೊತೆಗೆ ನಿಲ್ಲಿಸಿಕೊಂಡೇ ಹೇಳಿದ್ದ. ಅಂತಿಯೋಕ್ಯ ಪಟ್ಟಣದಲ್ಲಿ ಅನ್ಯಜನರೂ ಯೆಹೂದ್ಯರೂ ಒಟ್ಟಿಗೆ ಕೂತು ಉಣ್ಣತೊಡಗಿದ್ದು, ಅದಕ್ಕೆ ಜಗಳವೆದ್ದದ್ದು, ಯೆರೂಸಲೇಮಿನಲ್ಲಿ ಹಿರಿಯರು ಸೇರಿ, ಹೊರಗಿನಿಂದ ಬಂದವರ ಮೇಲೆ ಯೆಹೂದ್ಯರು ಪಾಲಿಸುವ ಮೋಶೆಯ ಕಟ್ಟಳೆಯ ಭಾರ ಹೊರಿಸುವುದು ಬೇಡ, ಕೆಲವನ್ನಷ್ಟೇ ಬಿಟ್ಟರೆ ಸಾಕು ಎಂದು ತೀರ್ಮಾನಿಸಿದ್ದು. ಮಕ್ಕಳಿಗೆ ಹೇಳಬಾರದ ಒಂದನ್ನು ಬಿಟ್ಟು ಉಳಿದವನ್ನು ಅವನು ಹೇಳಿದ: "ವಿಗ್ರಹಕ್ಕೆ ಇಟ್ಟದ್ದನ್ನ ತಿನ್ನಬಾರದು, ಕತ್ತು ಹಿಸುಕಿ ಕೊಂದದ್ದನ್ನ ತಿನ್ನಬಾರದು, ರಕ್ತ ತಿನ್ನಬಾರದು."

ಹೇಳಿದ ಮೇಲೆ ಅವನಿಗೇ ಕೇಳಿಸಿತು. ಅದಕ್ಕೂ ಮುಂಚೆ ಕಾಲಮ್‌ಗೆ ಕೇಳಿಸಿತ್ತು.

"ರಕ್ತಾನಾ? ಹಂಗಾದ್ರೆ ನಿಮ್ಮ ಮರಗ್ ಏನು ಮಾಮಾ?"

"ಅಪೋಸ್ತಲರು ಬಂದಿದ್ರೆ ಮಾಮನ ಅಂಗಡಿಗೇ ಬೀಗ!" ಎಂದು ಇಷ್ಬೆಲ್ ತನ್ನ ಸೇಡು ತೀರಿಸಿಕೊಂಡಳು. ಮಕ್ಕಳು ಬೂಟು ಬಡಿದು ನಕ್ಕರು. ಮಾರಾ ಕೂಡ ನಕ್ಕಳು. ಎವಾಂಡರ್ ಮಡಿಲಲ್ಲಿದ್ದ ತನ್ನ ಬೆರಳುಗಳನ್ನು ಮಡಿಚಿಕೊಂಡ. ಇಷ್ಟು ವರ್ಷ ಈ ಮಾತನ್ನು ಓದಿಯೂ, ಬೆಳಗಾದರೆ ಅದೇ ಕೈಯಿಂದ ರಕ್ತ ಕಲಕಿಯೂ, ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿರಲಿಲ್ಲ. ಊರಿನಲ್ಲಿ ಯಾರೂ ನೋಡಿರಲಿಲ್ಲ. ಪಾದ್ರಿಗಳು ಮೇಜಿನ ವಾರದ ಬೆಳಗಿನ ಊಟಕ್ಕೆ ಅವನ ಮರಗನ್ನೇ ಹೇಳಿ ತರಿಸಿಕೊಳ್ಳುತ್ತಿದ್ದರು.

"ಅದು ಹಾಗಲ್ಲ," ಎಂದ. ಹೇಗೆ ಎಂದು ಆಮೇಲೆ ಹುಡುಕಬೇಕಾಯಿತು. "ರಕ್ತ ಅಂದರೆ ಯೆಹೂದ್ಯರಿಗೆ ಹೇಸಿಗೆ. ಪಕ್ಕದವನು ಅದನ್ನ ತಿಂತಾ ಇದ್ದರೆ ಅವರಿಗೆ ತುತ್ತು ಇಳೀತಿರಲಿಲ್ಲ. ಅದಕ್ಕೇ, ನೀವು ಸ್ವಲ್ಪ ಬಿಡಿ, ಅವರೂ ಬೇಕಾದಷ್ಟು ಬಿಡ್ತಾರೆ, ಅಂದರು. ತಿನ್ನೋದು ಬಿಡೋದು ಮುಖ್ಯ ಅಲ್ಲ. ಎಲ್ಲರೂ ಒಂದೇ ಮೇಜಿಗೆ ಕೂರಬೇಕಾಗಿತ್ತು, ಅದು ಮುಖ್ಯ. ಯಾರೂ ಹೊರಗೆ ಉಳೀಬಾರದಾಗಿತ್ತು."

"ಮತ್ತೆ ನೀವ್ಯಾಕೆ ಕೂರಲ್ಲ?" ಎಂದಳು ಮಾರಾ.

ಕೆಣಕಿದ ದನಿಯಲ್ಲ, ಲೆಕ್ಕದ ಒಂದು ಮೆಟ್ಟಿಲು ಬಿಟ್ಟುಹೋಗಿದೆ ಎಂದು ತೋರಿಸುವ ಮಗುವಿನ ದನಿ. ಊರಿನ ಮಕ್ಕಳು ಚಾಚಿದ್ದ ಬೂಟುಗಳನ್ನು ಒಳಕ್ಕೆಳೆದುಕೊಂಡರು. ಕೇಳಬಾರದ್ದು ಯಾವುದೆಂದು ಅವರಿಗೆ ಹುಟ್ಟಿನಿಂದ ಗೊತ್ತು. ಕಾಲಮ್ ಮೊಣಕೈಯಿಂದ ಅವಳನ್ನು ತಿವಿದ. "ಏಯ್, ಹಂಗೆಲ್ಲಾ ಕೇಳಬಾರದು ಕಣೇ."

"ಯಾಕೆ? ನಮ್ಮಮ್ಮ ಇವತ್ತು ಕೇಳೋಕೆ ಹೋಗ್ತಾಳೆ. ಮಾಮನೂ ಹೋಗಬಹುದಲ್ವಾ?"

"ಅದು ಬೇರೆ ವಿಷಯ," ಎಂದ ಎವಾಂಡರ್. ಅವನ ಅಪ್ಪ ಎಲ್ಲದಕ್ಕೂ ಹೇಳುತ್ತಿದ್ದ ಮಾತು. ಪ್ರಾರ್ಥನೆ ಮಾಡಿಸಿ ಮಕ್ಕಳನ್ನು ಬೇಗನೆ ಕಳಿಸಿದ.

ಮಧ್ಯಾಹ್ನದ ಆರಾಧನೆಯಲ್ಲಿ ಪಟ್ಟಣದಿಂದ ಬಂದ ಪಾದ್ರಿ ಏನು ಹೇಳಿದರೋ ಅವನ ತಲೆಗೆ ಹೋಗಲಿಲ್ಲ. ಹಾಡಿನ ಮುಂದಾಳು ಒಂಟಿ ದನಿಯಲ್ಲಿ ಸಾಲು ಎತ್ತಿಕೊಟ್ಟ; ಸಭೆ ಅದನ್ನು ಹಿಡಿದು, ಒಬ್ಬೊಬ್ಬರು ಒಂದೊಂದು ಗಳಿಗೆ ಹಿಂದುಮುಂದಾಗಿ, ತೆರೆ ದಂಡೆಗೆ ಬಂದು ಚೆದರುವ ಹಾಗೆ ಹಾಡಿತು. ಆ ದನಿಗಳ ನಡುವೆ ತನ್ನ ದನಿಯೂ ಇದೆ, ಅದನ್ನು ಯಾರೂ ಬೇರೆ ಮಾಡಿ ತೆಗೆಯಲಾರರು ಎನ್ನುವುದು ಅವನಿಗೆ ಪ್ರತಿ ಸಲವೂ ಸಮಾಧಾನ ಕೊಡುತ್ತಿತ್ತು. ಇವತ್ತು ಕೊಡಲಿಲ್ಲ. ಹಾಡುವಾಗ ಒಂದಾಗಿರುವವರು ಉಣ್ಣುವಾಗ ಬೇರೆಯಾಗುವುದು ಏಕೆ? ಆರಾಧನೆ ಮುಗಿದು ಜನ ಹೊರಗೆ ಗಾಳಿಯಲ್ಲಿ ಟೋಪಿ ಹಿಡಿದುಕೊಂಡು ನಿಂತು ಮಾತಾಡುತ್ತಿರುವಾಗ ಅವನ ಕಾಲುಗಳು ಅವನನ್ನು ಪಕ್ಕದ ಓಣಿಗೆ ತಂದವು. ಓಣಿಯಲ್ಲಿ ಯಾರೂ ಇರಲಿಲ್ಲ. ಹಸಿರು ಬಾಗಿಲು ಎಂದಿನ ಹಾಗೆ ಸರಿಯಾಗಿ ಮುಚ್ಚಿರಲಿಲ್ಲ. ಒಳಗಿನ ಮಾತು ಕೇಳಿಸಿತು. ಕೇಳಬಾರದೆಂದು ಎರಡು ಹೆಜ್ಜೆ ಹಿಂದೆ ಸರಿದ, ಅಲ್ಲಿಗೂ ಕೇಳಿಸಿತು.

"ನಿಮಗೆ ಹೇಗೆ ಬಂತಮ್ಮಾ? ಏನಾಯ್ತು?" ಎಂದು ದೀಪಸ್ತಂಭದ ರೋರಿ ಕೇಳುತ್ತಿದ್ದ.

"ಏನೂ ಆಗಲಿಲ್ಲ," ಎಂದಿತು ಇಲ್ಜೆಯ ದನಿ, ಈ ಊರಿನ ಮಾತಿನ ಒಂದೊಂದೇ ಕಲ್ಲಿನ ಮೇಲೆ ಕಾಲಿಟ್ಟು ಹೊಳೆ ದಾಟುವವಳ ಹಾಗೆ. "ಹಿಂದೆ ಕೂತಿರ್ತೀನಿ. ನೀವೆಲ್ಲ ತಿಂತೀರಿ. ನಂಗೂ ಬೇಕು ಅನ್ನಿಸುತ್ತೆ. ತುಂಬ ಬೇಕು ಅನ್ನಿಸುತ್ತೆ."

"ಅಷ್ಟೇನಾ?"

"ಅಷ್ಟೇ. ಸಾಲಲ್ವಾ?"

ಒಳಗೆ ಯಾರೋ ಲೋಟ ಕೆಳಗಿಟ್ಟ ಸದ್ದಾಯಿತು. ಎವಾಂಡರ್ ಗೋಡೆಗೆ ಕೈಯೂರಿ ನಿಂತ. ಸಾಲದು ಎಂದು ಹೇಳಲಿ ಎಂದು ಅವನ ಒಳಗಿನಿಂದ ಏನೋ ಒಂದು, ಅವನು ತಡೆಯುವ ಮೊದಲೇ, ಪ್ರಾರ್ಥಿಸಿತು. ಅವಳದು ಸಾಕಾದರೆ, ಅವನದು ಯಾವತ್ತೋ ಸಾಕಾಗಿತ್ತು. ಅಮ್ಮನ ಜಾಗದ ಬಿಸಿಯನ್ನು ಅಂಗೈಯಲ್ಲಿ ಹಿಡಿದ ಆ ಮಧ್ಯಾಹ್ನವೇ ಸಾಕಾಗಿತ್ತು. ಆಮೇಲಿನ ಎಲ್ಲ ವರ್ಷಗಳೂ ಯಾರೂ ಕೇಳದ ಸುಂಕ. ಒಬ್ಬ ಹಿರಿಯ ಗಂಟಲು ಸರಿಮಾಡಿಕೊಂಡ. ರೋರಿಯ ದನಿ ಬದಲಾಗಿತ್ತು. "ಸಾಕಮ್ಮಾ," ಎಂದ. "ನಮಗೆ ಇದ್ದದ್ದೂ ಅಷ್ಟೇ. ನಾವು ಅದಕ್ಕೆ ಬೇರೆ ಬೇರೆ ಕಥೆ ಹೇಳ್ತೀವಿ." ಸೀಸದ ಬಿಲ್ಲೆ ಮೇಜಿನ ಹಲಗೆಯ ಮೇಲೆ ಸರಿದ ಸದ್ದು ಕೇಳಿಸಿತು.

ಇಲ್ಜೆ ಹೊರಬಂದಳು, ಮುಷ್ಟಿ ಬಿಗಿಹಿಡಿದುಕೊಂಡು, ಅವನ ಕಡೆ ಒಂದೇ ನೋಟ ಹಾಯಿಸಿ ಬಯಲಿಗೆ ನಡೆದಳು. ಬಾಗಿಲು ಪೂರ್ತಿ ತೆರೆದಿತ್ತು. ರೋರಿ ಹೊಸ್ತಿಲಿಗೆ ಬಂದು ಅವನನ್ನು ಕಂಡು ಮುಖವರಳಿಸಿದ.

"ಓ, ಎವಾಂಡರ್! ಒಳ್ಳೇ ಹೊತ್ತಿಗೆ ಬಂದೆ ನೋಡು ಮಾರಾಯ. ಮಾಂಸದ ವಿಷಯ ತಾನೆ? ಸೋಮವಾರಕ್ಕೂ ಪಾದ್ರಿಗಳು ಉಳೀತಾರಂತೆ. ಕುರಿ ತೊಡೆ ಒಂದು ದೊಡ್ಡದು ಇಟ್ಟಿರು. ಮರಗೂ ಇರಲಿ, ಪಟ್ಟಣದವರು ಅದಕ್ಕೇ ಬರೋದು ಅಂತ ನನಗೆ ಗುಮಾನಿ."

ಬಾಗಿಲ ಹಿಂದೆ ಕೋಣೆ ಕಾಣುತ್ತಿತ್ತು: ಒಂದು ಮೇಜು, ಮೂವರು ಮುದುಕರು, ಚಹಾದ ಲೋಟಗಳು, ಖಾಲಿ ಕುರ್ಚಿ. ಇಷ್ಟೇ. ಎವಾಂಡರ್ ಬಾಯಿ ತೆರೆದ. ರೋರಿಯ ಕಣ್ಣಿನಲ್ಲಿ ಬೇರೆ ಯಾವ ಊಹೆಯ ನೆರಳೂ ಇರಲಿಲ್ಲ. ಎವಾಂಡರನ ಅಷ್ಟು ವರ್ಷಗಳ ವಿನಯವನ್ನು ಅವನು ಪೂರ್ತಿಯಾಗಿ ನಂಬಿದ್ದ. ಅಲ್ಲ ಎಂದರೆ ಆ ಮುಖದಲ್ಲಿ ಮೂಡುವ ಆಶ್ಚರ್ಯವನ್ನು ಎದುರಿಸಬೇಕು.

"ಹೌದು," ಎಂದ ಎವಾಂಡರ್. "ಮಾಂಸದ ವಿಷಯಕ್ಕೇ. ಇಟ್ಟಿರ್ತೀನಿ."

ಬಯಲಿನಲ್ಲಿ ಗಾಳಿ ಕಣ್ಣಿಗೆ ಹೊಡೆಯಿತು. ನೀರು ಬಂದದ್ದಕ್ಕೆ ಅದೇ ಕಾರಣ ಎಂದುಕೊಳ್ಳಲು ಅನುಕೂಲವಾಯಿತು. ಜನ ಚದುರಿದ್ದರು. ಕಲ್ಲುಗೋಡೆಯ ಮರೆಯಲ್ಲಿ ಇಲ್ಜೆ ಅವನಿಗಾಗಿಯೇ ಕಾದು ನಿಂತಿದ್ದಳು.

"ಮಾರಾ ಹೇಳ್ತಾಳೆ, ನಿಮಗೆ ಎಲ್ಲ ಗೊತ್ತು ಅಂತ. ಅವರನ್ನ ಕೇಳೋಕೆ ನಾಚಿಕೆ ಆಯ್ತು. ನಾಳೆ ನಾನು ಯಾವಾಗ ಏಳಬೇಕು? ಎಲ್ಲಿ ಕೂರಬೇಕು? ತಪ್ಪಾದ್ರೆ ಎಲ್ಲ ನೋಡ್ತಾರೆ."

ಅವನು ಹೇಳಿದ. ಮುಂದಾಳು ಎರಡನೆಯ ಚರಣ ಎತ್ತಿಕೊಂಡಾಗ ಏಳಬೇಕು. ಮೊದಲನೆಯದರಲ್ಲಿ ಏಳುವವರು ಹಿರಿಯರ ಹೆಂಡತಿಯರು ಮಾತ್ರ. ಎಡಗಡೆಯ ದಾರಿ ಹಿಡಿಯಬೇಕು, ಬಲಗಡೆಯ ಹಲಗೆ ಸದ್ದು ಮಾಡುತ್ತದೆ. ಸಾಲಿನ ಬಾಯಲ್ಲಿ ರೋರಿ ನಿಂತಿರುತ್ತಾನೆ, ಬಿಲ್ಲೆ ಅವನ ಅಂಗೈಗೆ. ಬಿಳಿಯ ಬಟ್ಟೆಯನ್ನು ಕೈಯಿಂದ ಎಳೆಯಬಾರದು. ರೊಟ್ಟಿಯ ತಟ್ಟೆ ಎಡದಿಂದ ಬರುತ್ತದೆ. ಒಂದು ಚೂರು ಮುರಿದುಕೊಂಡು ಬಲಕ್ಕೆ ಕೊಡಬೇಕು. ಬೇಗ ನುಂಗಬಾರದು, ಪಕ್ಕದವರು ತಲೆ ತಗ್ಗಿಸುವವರೆಗೆ ಬಾಯಲ್ಲಿರಲಿ. ಬಟ್ಟಲು ಭಾರವಿದೆ, ಎರಡು ಕೈಯಿಂದ ಹಿಡಿಯಬೇಕು. ಒಂದು ಗುಟುಕು. ಅಂಚು ಒರೆಸಬಾರದು. ಅವನು ಹೇಳುತ್ತ ಹೋದಂತೆ ಅವನ ಕೈಗಳೇ ಗಾಳಿಯಲ್ಲಿ ಬಟ್ಟಲನ್ನು ಹಿಡಿದು ತೋರಿಸಿದವು. ಅವಳು ಮಗುವಿನ ಹಾಗೆ ಪ್ರತಿಯೊಂದಕ್ಕೂ ತಲೆಯಾಡಿಸಿದಳು.

"ದ್ರಾಕ್ಷಾರಸ ಹೇಗಿರುತ್ತೆ? ಸಿಹೀನಾ? ನಮ್ಮೂರಲ್ಲಿ ಹುಳಿ ಇರ್ತಿತ್ತು. ಕೆಮ್ಮು ಬಂದುಬಿಟ್ರೆ ಅಂತ ಭಯ."

ಎವಾಂಡರನ ಕೈಗಳು ಹಿಡಿದ ಹಾಗೆಯೇ ನಿಂತವು. ಅಮ್ಮನ ಬಾಯಿಯ ಆ ವಾಸನೆ ಯಾವುದೆಂದು ಹೇಳಲು ಹುಡುಕಿದ. ಸಿಹಿಯೂ ಅಲ್ಲ, ಹುಳಿಯೂ ಅಲ್ಲ. ಅವನ ನೆನಪಿನಲ್ಲಿದ್ದದ್ದು ಬರೀ ಬೇರೆ ಎನ್ನುವುದು ಒಂದೇ.

"ಗೊತ್ತಿಲ್ಲ," ಎಂದ.

"ಮರೆತುಹೋಯ್ತಾ?"

"ಇಲ್ಲ. ಕುಡಿದಿಲ್ಲ." ಅವಳು ಅರ್ಥವಾಗದೆ ನೋಡುತ್ತಿದ್ದಳು. ಮಗಳ ಕಣ್ಣುಗಳೇ. "ಎಂದೂ ಕುಡಿದಿಲ್ಲ. ನಾಳೆ ನೀವೇ ನನಗೆ ಹೇಳಬೇಕು."

ಮರುದಿನ ಎರಡನೆಯ ಚರಣಕ್ಕೆ ಅವಳು ಎದ್ದಳು. ಎಡಗಡೆಯ ದಾರಿಯಲ್ಲಿ ಮೀನುಕಾರ್ಖಾನೆಯ ಬೂಟುಗಳನ್ನು ಮೆಲ್ಲಗೆ ಊರುತ್ತ ಹೋದಳು. ಅವನು ಹೇಳಿದಂತೆಯೇ ಎಲ್ಲವನ್ನೂ ಮಾಡಿದಳು. ತಟ್ಟೆ ಎಡದಿಂದ ಬಂತು, ಬಟ್ಟಲನ್ನು ಎರಡು ಕೈಯಿಂದ ಹಿಡಿದಳು. ಅವಳ ತಲೆ ಹಿಂದಕ್ಕೆ ಬಾಗಿದ ಕ್ಷಣದಲ್ಲಿ ಎವಾಂಡರನ ಗಂಟಲು ತಾನಾಗಿ ನುಂಗಿತು. ಬಾಯಲ್ಲಿ ಏನೂ ಇರಲಿಲ್ಲ. ಬೇಕು ಎಂಬುದು ಅಷ್ಟು ಸ್ಪಷ್ಟವಾಗಿ, ಅಷ್ಟು ನಾಚಿಕೆಯಿಲ್ಲದೆ, ಅವನಿಗೆ ಎಂದೂ ಕಾಣಿಸಿಕೊಂಡಿರಲಿಲ್ಲ. ಅದು ಕೊರತೆಯ ಹಾಗಿರಲಿಲ್ಲ; ಯಾರೋ ಹೆಸರು ಹಿಡಿದು ಕರೆದ ಹಾಗಿತ್ತು.

ಆರಾಧನೆ ಮುಗಿದ ಮೇಲೆ ಬಯಲಿನಲ್ಲಿ ಹಿರಿಯರೂ ಹೆಂಗಸರೂ ಅವಳ ಕೈಕುಲುಕುತ್ತಿದ್ದರು. ಡಾಲಿನಾ ಅವಳನ್ನು ತಬ್ಬಿಕೊಂಡಳು. ಇಲ್ಜೆ ತಲೆಗಳ ಮೇಲಿಂದ ಯಾರನ್ನೋ ಹುಡುಕುತ್ತಿದ್ದಳು. ಕಂಡೊಡನೆ ಜನರನ್ನು ಸರಿಸಿಕೊಂಡು, ಕೊಟ್ಟ ಮಾತನ್ನು ತೀರಿಸುವ ಆತುರದಲ್ಲಿ, ನೇರ ಅವನತ್ತ ಬಂದಳು. ಅವಳ ಮುಖ ಕೆಂಪಾಗಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಎವಾಂಡರ್ ಕೈಯೆತ್ತಿ ತಡೆದ.

"ಹೇಳಬೇಡಿ," ಎಂದ. ಸುತ್ತಲಿನವರು ತಿರುಗಿ ನೋಡಿದರು. ರೋರಿಯೂ ನೋಡಿದ. "ದಮ್ಮಯ್ಯ, ಹೇಳಬೇಡಿ. ಶರತ್ಕಾಲದ ಮೇಜಿನವರೆಗೆ ಹೇಳಬೇಡಿ."